ಖರಾಬು ಎಂದರೆ ಕೆಟ್ಟದ್ದೇ?

ಹಾಲು ಒಡೆದರೆ ಖರಾಬು, ಮೋಟಾರು ನಿಂತರೆ ಖರಾಬು. ಈ ಅರ್ಥ ನಮಗೆಲ್ಲ ಗೊತ್ತು. ಆದರೆ ಜಮೀನಿನ ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ 'ಫೂಟ್ ಖರಾಬು ಅ', 'ಫೂಟ್ ಖರಾಬು ಬ' ಎಂದಿರುತ್ತದೆ. ಓದು ಬಲ್ಲವರೆಂದು ಹಿರಿಯರು ಕಾಗದವನ್ನು ನಮ್ಮ ಕೈಗೆ ಕೊಟ್ಟಾಗ, "ಅಷ್ಟು ಮಣ್ಣು ಚೆನ್ನಾಗಿಲ್ಲವಂತೆ" ಎಂದುಬಿಡುವುದು ಸುಲಭ. ಪಾಲು ಅಥವಾ ಮಾರಾಟದ ಮಾತು ನಡೆದಿದ್ದರೆ ಆ ಒಂದು ಮಾತು ದುಬಾರಿಯಾದೀತು.

ಪದ ಅರಬಿಯದು. ಅಲ್ಲಿ 'ಖರಾಬ್' ಎಂದರೆ ಪಾಳು, ಹಾಳುಬಿದ್ದದ್ದು. ಮೃತ ಸಮುದ್ರದ ದಡದ 'ಖಿರ್ಬತ್ ಕುಮ್ರಾನ್' ಎಂಬ ಸ್ಥಳನಾಮದಲ್ಲಿರುವುದೂ ಇದೇ ಧಾತು. ಫಾರ್ಸಿ ಕಾವ್ಯದಲ್ಲಿ 'ಖರಾಬಾತ್' ಎಂದರೆ ಪಾನಗೃಹ! ಇನ್ನು ಉರ್ದು ಪತ್ರಿಕೆಗಳ ಬಜೆಟ್ ಸುದ್ದಿಯಲ್ಲಿ ಬರುವ 'ಖರಬ್' ಬೇರೆಯೇ ಪದ. ಅದು ಸಂಸ್ಕೃತದ 'ಖರ್ವ'ದಿಂದ ಬಂದ ಸಂಖ್ಯೆ, ಒಂದರ ಮುಂದೆ 11 ಸೊನ್ನೆ. ಉರ್ದುವಿನಲ್ಲಿ ಎರಡರ ಮೊದಲ ಅಕ್ಷರವೇ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ 'ಖ'.

ಕಂದಾಯ ಇಲಾಖೆಯ ಖರಾಬು ಲೆಕ್ಕದ ಮಾತು. ಸರ್ವೆ ನಂಬರಿನೊಳಗೆ ಇದ್ದೂ ಕಂದಾಯ ಕಟ್ಟದ ತುಂಡು ಎಂದು ಅರ್ಥ. 2 ಎಕರೆ 10 ಗುಂಟೆಯಲ್ಲಿ 6 ಗುಂಟೆ ಖರಾಬಿದ್ದರೆ ಕಂದಾಯ 2 ಎಕರೆ 4 ಗುಂಟೆಗೆ ಮಾತ್ರ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೇ ನಿಯಮ ಇದನ್ನು ಎರಡಾಗಿ ವಿಂಗಡಿಸುತ್ತದೆ. ಸರ್ವೆ ಕಾಲದಲ್ಲಿ ಸಾಗುವಳಿಗೆ ಬಾರದು ಎಂದು ಬರೆದದ್ದು 'ಅ'. ಕಲ್ಲುಬಂಡೆಯಂತೆ ರೈತನ ಕಣ, ಕೊಟ್ಟಿಗೆಗಳೂ ಇದರಲ್ಲಿ ಸೇರುತ್ತವೆ. ವರ್ಷದ ಫಸಲೆಲ್ಲ ಬಂದು ಬೀಳುವ ಕಣಕ್ಕೇ ಖರಾಬೆಂದು ಹೆಸರು, ನೋಡಿ! ಈ 'ಅ' ಭಾಗ ಹಿಡುವಳಿದಾರನ ಜಮೀನಿಗೇ ಸೇರಿದ್ದು.

'ಬ' ಹಾಗಲ್ಲ. ರಸ್ತೆ, ಕಾಲುದಾರಿ, ಇತರರೂ ಬಳಸುವ ಹಳ್ಳ, ಕೆರೆ, ಸ್ಮಶಾನ, ಹೀಗೆ ಸಾರ್ವಜನಿಕರಿಗೆ ಬಿಟ್ಟ ಜಾಗ ಅದು. ಮಣ್ಣು ಎಷ್ಟೇ ಫಲವತ್ತಾಗಿರಲಿ, ಅದನ್ನು ಸ್ವಂತದ್ದೆಂದು ಮಾರುವಂತಿಲ್ಲ, ಅದರ ಮೇಲೆ ಮನೆ ಕಟ್ಟುವಂತಿಲ್ಲ. ಕೊಳ್ಳುವವರು ಒಟ್ಟು ವಿಸ್ತೀರ್ಣಕ್ಕೆ ದುಡ್ಡು ಕೊಟ್ಟರೆ ಹಳ್ಳಕ್ಕೂ ಕೊಟ್ಟಂತೆ. ಖರಾಬು ಎಷ್ಟು ಗುಂಟೆ ಎಂಬುದನ್ನು ಪಹಣಿ ಹೇಳುತ್ತದೆ. ಅದು ಜಮೀನಿನ ಯಾವ ಮೂಲೆಯಲ್ಲಿದೆ ಎಂದು ತಿಳಿಯಲು ಸರ್ವೆ ನಕ್ಷೆಯನ್ನೇ ತೆಗೆಸಿ ನೋಡಬೇಕು.