ಶೆಡ್ಡಲ್ಲಿರೋ ಹಳೇ ಮಿಲಿಟರಿ ಜೀಪು ರೆಡಿ ಮಾಡ್ತೀರಾ? ಸ್ಪ್ಯಾನರ್ ಹಿಡಿಯೋ ಮುಂಚೆ ನಂಬರ್ ನೋಡ್ಕೊಳ್ಳಿ

ಮಡಿಕೇರಿ: ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಹಳೇ ಜೀಪು ಹೊಸದೇನಲ್ಲ. ಮಿಲಿಟರಿ ಡಿಸ್ಪೋಸಲ್‌ನಲ್ಲಿ ಬಂದ ವಿಲ್ಲೀಸ್, ಆಮೇಲೆ ಮಹೀಂದ್ರಾ ಜೀಪು, ಅದಾದ ಮೇಲೆ ಜಬಲ್‌ಪುರದ ಜೋಂಗಾ. ಗೊಬ್ಬರದ ಮೂಟೆ, ಮೆಣಸಿನ ಚೀಲ, ಕೆಲಸದವರು ಎಲ್ಲವನ್ನೂ ಹೊತ್ತು ಕೊನೆಗೆ ಶೆಡ್ಡಿನ ಮೂಲೆ ಸೇರಿದ ಗಾಡಿಗಳಿವು. ಈಗ ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳ್ತಾರೆ, ಮನೆ ಮಕ್ಕಳು ‘ಅಜ್ಜನ ಜೀಪು, ಕೊಡೋದು ಬೇಡ, ರೆಡಿ ಮಾಡೋಣ’ ಅಂತಾರೆ. ಮನೆ ಅಂಗಳದಲ್ಲೇ ರೆಡಿ ಮಾಡಬಹುದು, ಕಷ್ಟ ಇಲ್ಲ. ಆದರೆ ಸುಮಾರು ಜನ ಮೊದಲು ಗಾಡಿ ಬಿಚ್ಚಿ ಹಾಕ್ತಾರೆ, ಕಾಗದ ಹುಡುಕೋದು ಆಮೇಲೆ. ದುಡ್ಡು ಮುಳುಗೋದು ಅಲ್ಲೇ.

ಮೊದಲು ಶೆಡ್ಡಲ್ಲಿರೋದು ಯಾವ ಗಾಡಿ ಅಂತ ಖಾತ್ರಿ ಆಗಬೇಕು. ಎರಡನೇ ಮಹಾಯುದ್ಧದ ಜೀಪನ್ನು 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಎರಡೂ ಕಂಪನಿಗಳು ತಯಾರಿಸಿದವು. ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು. ನಕ್ಷೆ ಒಂದೇ, ಬಿಡಿಭಾಗ ಅದಲು ಬದಲು ಆಗುತ್ತೆ. ಫೋರ್ಡ್‌ನವರು ಮಾತ್ರ ತಮ್ಮ ಬೋಲ್ಟು, ಬ್ರಾಕೆಟ್‌ಗಳ ಮೇಲೂ ‘ಎಫ್’ ಅಕ್ಷರ ಒತ್ತಿದ್ದಾರೆ. ಚಾಸಿಸ್‌ನ ಮುಂಭಾಗದಲ್ಲಿ, ರೇಡಿಯೇಟರ್ ಕೆಳಗೆ ಅಡ್ಡಲಾಗಿರೋ ಕಬ್ಬಿಣ ದುಂಡು ಪೈಪಾದರೆ ವಿಲ್ಲೀಸ್, ಚೌಕಟ್ಟಿನ ಆಕಾರದ್ದಾದರೆ ಫೋರ್ಡ್. ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು ಇದ್ದರೆ ಯುದ್ಧಕಾಲದ್ದು, ನಂತರದ ಸಿವಿಲ್ ಜೀಪಿಗೆ ಏಳು. ಬಾನೆಟ್ ಎತ್ತರಕ್ಕೆ ಉಬ್ಬಿಕೊಂಡಿದ್ದರೆ ಅದು ಸಿಜೆ-3ಬಿ, ಮಹೀಂದ್ರಾದವರು ದಶಕಗಟ್ಟಲೆ ಮಾಡಿದ ಮಾಡೆಲ್. ಜಾಲರಿ, ಬಾನೆಟ್ ಎಲ್ಲ ಬದಲಾಯಿಸಿರೋ ಗಾಡಿಗಳೂ ಬೇಕಾದಷ್ಟಿವೆ, ಹಾಗಾಗಿ ಮುಖ ನೋಡಿ ನಂಬೋ ಹಾಗಿಲ್ಲ.

ನಂಬಬೇಕಾದ್ದು ನಂಬರನ್ನ. ವಿಲ್ಲೀಸ್‌ನಲ್ಲಿ ಇಂಜಿನ್ ನಂಬರ್ ಬ್ಲಾಕಿನ ಬಲಗಡೆ, ಆಯಿಲ್ ಫಿಲ್ಟರ್ ಕೆಳಗೆ ಇರುತ್ತೆ. ಚಾಸಿಸ್ ನಂಬರಿನ ತಗಡು ಮುಂದಿನ ಬಂಪರ್ ಹಿಂದೆ, ಎಡಗಡೆ ಚಾಸಿಸ್‌ನ ಒಳಮೈಗೆ ಹೊಡೆದಿರುತ್ತೆ. ಫೋರ್ಡ್‌ನಲ್ಲಿ ಎಡ ಚಾಸಿಸ್‌ನ ಮೇಲ್ಭಾಗಕ್ಕೇ ನೇರವಾಗಿ ಒತ್ತಿರುತ್ತಾರೆ. ಗ್ರೀಸು, ಮಣ್ಣು ಗಟ್ಟಿಯಾಗಿ ಕೂತಿದ್ದರೆ ಡೀಸೆಲ್ ಹಾಕಿ ಬಟ್ಟೆಯಲ್ಲಿ ಒರೆಸಿ. ಗ್ರೈಂಡರ್ ಮಾತ್ರ ಹಿಡಿಯಬೇಡಿ, ನಂಬರ್ ಅಳಿಸಿಹೋದರೆ ಗಾಡಿ ಮುಗೀತು. ಎರಡೂ ನಂಬರ್ ಆರ್‌ಸಿ ಜೊತೆ ತಾಳೆ ಆದ ಮೇಲೇ ಮುಂದಿನ ಮಾತು. ಸೇನೆಯ ಹರಾಜಿನಿಂದ ಬಂದ ಗಾಡಿಯಾದರೆ ನೋಂದಣಿಗೆ ಫಾರಂ 21ರಲ್ಲಿ ಮೂಲ ಮಾರಾಟ ಪ್ರಮಾಣಪತ್ರ ಬೇಕು, ಜೆರಾಕ್ಸ್ ನಡೆಯಲ್ಲ. ‘ಕಾಗದ ಆಮೇಲೆ ಮಾಡಿಸಿಕೊಡ್ತೀವಿ’ ಅನ್ನೋ ಬ್ರೋಕರ್ ಮಾತಿಗೆ ಅಡ್ವಾನ್ಸ್ ಕೊಡಬೇಡಿ.

ಇಂಜಿನ್ ನಂಬರಿಗೆ ಇಷ್ಟು ಒತ್ತು ಯಾಕೆ ಅಂದ್ರೆ, ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೇ ಬೇರೆ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಸ್ವಂತ ಬಳಕೆಯ ಗಾಡಿ ಆಗಿರಬೇಕು, ಚಾಸಿಸ್, ಬಾಡಿ, ಇಂಜಿನ್ ಮೂಲದಂತೆಯೇ ಇರಬೇಕು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, 10 ವರ್ಷ ಊರ್ಜಿತ, ನಂತರ ನವೀಕರಣಕ್ಕೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ‘ವಿಎ’ ಅಂತ ಬರುತ್ತೆ. ಈಗಾಗಲೇ ಆರ್‌ಸಿ ಇದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು.

ನಮ್ಮ ಕಡೆ ಎಡವೋದು ಇಂಜಿನ್ ವಿಷಯದಲ್ಲಿ. ಪೆಟ್ರೋಲ್ ಕುಡಿಯುತ್ತೆ ಅಂತ ಎಷ್ಟೋ ತೋಟದ ಜೀಪುಗಳಿಗೆ ಹಿಂದೆಯೇ ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಅಂಥ ಗಾಡಿ ವಿಂಟೇಜ್ ಲೆಕ್ಕಕ್ಕೆ ಬರಲ್ಲ. ಆರ್‌ಟಿಒ ಅನುಮತಿ ಇಲ್ಲದೆ ಇಂಜಿನ್ ಬದಲಾಯಿಸಿದ್ದರೆ ಸಾಮಾನ್ಯ ನೋಂದಣಿ ನವೀಕರಣಕ್ಕೂ ತಕರಾರು ಬರುತ್ತೆ. ಬಿಚ್ಚಿದ ಹಳೇ ಇಂಜಿನ್ ಇನ್ನೂ ಕೊಟ್ಟಿಗೆಯಲ್ಲೋ ಅಟ್ಟದ ಕೆಳಗೋ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಇಡೀ ಗಾಡಿಯಲ್ಲಿ ಬೆಲೆಬಾಳೋದು ಅದೇ.

ಆ ಇಂಜಿನ್ ಸರಳ. ನಾಲ್ಕು ಸಿಲಿಂಡರ್, 2.2 ಲೀಟರ್, 60 ಅಶ್ವಶಕ್ತಿ. ವಾಲ್ವ್‌ಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನ ಪಕ್ಕದಲ್ಲೇ ಇವೆ. ವರ್ಷಗಟ್ಟಲೆ ನಿಂತ ಇಂಜಿನ್‌ಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯೋದು ಶುದ್ಧ ದಡ್ಡತನ, ಜಾಮ್ ಆದ ರಿಂಗು ಮುರಿಯುತ್ತೆ. ನಾಲ್ಕೂ ಪ್ಲಗ್ ಬಿಚ್ಚಿ, ಡೀಸೆಲ್‌ಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಒಳಗೆ ಬಿಟ್ಟು ನಾಲ್ಕೈದು ದಿನ ಸುಮ್ನೆ ಬಿಡಿ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡಿ. ಹೆಡ್ ಎತ್ತಿದಾಗ ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವೆ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಗಮನಿಸಿ. ಇಂಥ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಬಿರುಕು ಬಿಡೋ ಜಾಗ ಅದು. ಬಿರುಕು ಕಂಡರೆ ಬೋರಿಂಗ್‌ಗೆ ದುಡ್ಡು ಸುರಿಯೋ ಮುಂಚೆ ಲೇತ್‌ನವರಿಗೆ ತೋರಿಸಿ. ನೀರು ಓಡಾಡೋ ದಾರಿಯಲ್ಲಿ ಕಟ್ಟಿದ ತುಕ್ಕನ್ನೂ ತೆಗೆಸಿ, ಇಲ್ಲದಿದ್ದರೆ ಸಂಪಾಜೆ ಘಾಟಿ ಹತ್ತೋವಾಗ ಕುದಿಯುತ್ತೆ.

ಪೆಟ್ರೋಲ್ ಟ್ಯಾಂಕ್ ಇರೋದು ಡ್ರೈವರ್ ಸೀಟಿನ ಕೆಳಗೆ. ಟಿಂಕರಿಂಗ್ ಶುರು ಮಾಡೋ ಮೊದಲು ಅದನ್ನ ಬಿಚ್ಚಿ ದೂರ ಇಡಿ. ಖಾಲಿ ಟ್ಯಾಂಕಿನೊಳಗಿನ ಆವಿಯೇ ವೆಲ್ಡಿಂಗ್ ಕಿಡಿಗೆ ಸಿಡಿಯುತ್ತೆ.

ಬಾಡಿಯ ತಳದಲ್ಲಿ ಇನ್ನೊಂದು ಗುಟ್ಟಿದೆ. ನೆಲದ ತಗಡಿಗೆ ಆಧಾರವಾಗಿ ಉದ್ದಕ್ಕೆ ಕೊಟ್ಟ ಟೊಳ್ಳು ಕಬ್ಬಿಣದ ಒಳಗೆ ಆಗ ಮರದ ತುಂಡು ಇಟ್ಟಿದ್ದರು. ಆ ಮರ ನೀರು ಹೀರಿಕೊಂಡು ಒಳಗಿಂದಲೇ ಕಬ್ಬಿಣ ತಿನ್ನುತ್ತೆ. ನಮ್ಮ ಮಳೆಗಾಲ ಕೇಳಬೇಕಾ? ಮೇಲಿಂದ ಚೆನ್ನಾಗಿ ಕಾಣೋ ತಗಡಿಗೆ ಪಟ್ಟಿ ಹೊಡೆದು ಪೇಂಟ್ ಬಳಿದರೆ ಎರಡು ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಕೆಳಗೆ ಮಲಗಿ ಸುತ್ತಿಗೆಯಲ್ಲಿ ತಟ್ಟಿ ನೋಡಿದ ಮೇಲೇ ಟಿಂಕರಿಂಗ್ ರೇಟು ಮಾತಾಡಿ.

ಬ್ರೇಕಿನಲ್ಲಿ ಚೌಕಾಸಿ ಬೇಡ. ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್, ಒಂದು ಕಡೆ ಲೀಕಾದ್ರೆ ನಾಲ್ಕಕ್ಕೂ ಬ್ರೇಕ್ ಇಲ್ಲ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಪೈಪು ಎಲ್ಲ ಹೊಸದೇ ಹಾಕಿ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಡ್ರಮ್ಮಿನ ಧೂಳನ್ನ ಏರ್ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ತೆಗೀರಿ. ಮಿಲಿಟರಿ ಡಿಸ್ಕ್ ಎರಡು ಹೋಳಿನದಾದರೆ ಪಂಕ್ಚರ್ ಅಂಗಡಿಯ ಹುಡುಗರಿಗೆ ಮೊದಲೇ ಹೇಳಿ. ಗಾಳಿ ಪೂರ್ತಿ ಬಿಡದೆ ಹೋಳು ಕೂಡಿಸೋ ನಟ್ ಸಡಿಲಿಸಿದರೆ ಡಿಸ್ಕ್ ಮುಖಕ್ಕೇ ಹಾರುತ್ತೆ. ಟೈರಿನ ಸೈಜು 6.00-16, ಟ್ರ್ಯಾಕ್ಟರ್ ಮುಂದಿನ ಚಕ್ರಕ್ಕೂ ಅದೇ ಸೈಜು ಸಿಗುತ್ತೆ. ಸಿಗುತ್ತೆ ಅಂತ ಹಾಕಬೇಡಿ, ಅದು ರಸ್ತೆ ಸ್ಪೀಡಿಗೆ ಮಾಡಿದ್ದಲ್ಲ.

ವೈರಿಂಗ್ 6 ವೋಲ್ಟಿನದು. ಸೆಲ್ಫ್ ನಿಧಾನ ತಿರುಗುತ್ತೆ ಅಂತ ಮೋಟರ್ ಬದಲಾಯಿಸೋ ಮುಂಚೆ ಬ್ಯಾಟರಿ ಕೇಬಲ್ ನೋಡಿ. 12 ವೋಲ್ಟಿನ ಗಾಡಿಯ ತೆಳು ಕೇಬಲ್ ಇದಕ್ಕೆ ಸಾಲಲ್ಲ, ದಪ್ಪದ್ದೇ ಬೇಕು.

ಜೋಂಗಾ ಕಥೆ ಸ್ವಲ್ಪ ಬೇರೆ. ನಿಸ್ಸಾನ್ ಪರವಾನಗಿಯಲ್ಲಿ ಜಬಲ್‌ಪುರದ ಸರ್ಕಾರಿ ಕಾರ್ಖಾನೆ ಮಾಡಿದ್ದು, ಆರು ಸಿಲಿಂಡರಿನ ಸುಮಾರು 4 ಲೀಟರ್ ಪೆಟ್ರೋಲ್ ಇಂಜಿನ್. 1990ರ ದಶಕದ ಕೊನೆಯವರೆಗೂ ತಯಾರಾದ್ದರಿಂದ ಬಹಳಷ್ಟು ಜೋಂಗಾಗಳಿಗೆ ಇನ್ನೂ 50 ವರ್ಷ ತುಂಬಿಲ್ಲ, ವಿಂಟೇಜ್ ನೋಂದಣಿ ಸಿಗಲ್ಲ.

ವಿಂಟೇಜ್ ನೋಂದಣಿ ಆದ ಗಾಡಿಯನ್ನ ದಿನಾ ಓಡಿಸೋ ಹಾಗೂ ಇಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋಕೆ ಮಾತ್ರ ರಸ್ತೆಗೆ ತರಬಹುದು. ಬಾಡಿಗೆಗಂತೂ ಬಿಡೋ ಹಾಗೇ ಇಲ್ಲ. ಮಾಂದಲಪಟ್ಟಿಗೆ ಟೂರಿಸ್ಟ್‌ಗಳನ್ನ ಹತ್ತಿಸಿ ಖರ್ಚು ವಾಪಸ್ ತೆಗೆಯೋ ಲೆಕ್ಕ ಹಾಕಿದ್ದರೆ ಆ ದಾರಿ ಇಲ್ಲಿಲ್ಲ.

ಕೊನೆಗೆ ಪೇಂಟು. ಮಿಲಿಟರಿ ಜೀಪು ಅಂದ್ಮೇಲೆ ಮಿಲಿಟರಿ ಹಸಿರೇ ಇರಬೇಕು ಅಂತ ಎಲ್ಲರಿಗೂ ಆಸೆ. ಆದರೆ ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಬಾಣದ ಗುರುತಿನ ಮಿಲಿಟರಿ ನಂಬರ್ ಬರೆಸೋದೂ ಬೇಡ. ಬೇರೆ ಯಾವ ಬಣ್ಣ ಹೊಡೆಸಿದರೂ ಆರ್‌ಸಿಯಲ್ಲಿ ಇರೋದಕ್ಕೆ ಹೊಂದಬೇಕು. ಬಣ್ಣ ಬದಲಾಗೋದಾದರೆ ಮಡಿಕೇರಿ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಿ, ಪೇಂಟರ್‌ಗೆ ಡಬ್ಬ ತರಿಸೋದು ಆಮೇಲೆ.