ಹಿಮದಲ್ಲಿ ಬಿದ್ದ ಊರುಗೋಲುಗಳು

ಜರ್ಮನಿಯ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ (1774–1840) ಲೂಥರನ್ ಕುಟುಂಬದಲ್ಲಿ ಬೆಳೆದವನು. ಬಾಲ್ಯದಲ್ಲಿಯೇ ಅವನು ತಾಯಿಯನ್ನು ಕಳೆದುಕೊಂಡನು. 1787ರಲ್ಲಿ ಅವನ ತಮ್ಮನು ನೀರಿನಲ್ಲಿ ಮುಳುಗಿ ಸತ್ತನು. ಮರಣವನ್ನು ಇಷ್ಟು ಹತ್ತಿರದಿಂದ ಕಂಡವನು 1811ರ ಸುಮಾರಿಗೆ ರಚಿಸಿದ ‘ಚಳಿಗಾಲದ ಭೂದೃಶ್ಯ’ ಎಂಬ ಚಿಕ್ಕ ತೈಲಚಿತ್ರವು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಚಿತ್ರದಲ್ಲಿ ನೆಲವೆಲ್ಲ ಹಿಮ. ನಿತ್ಯಹಸುರಾದ ಫರ್ ಮರಗಳ ನಡುವೆ ಒಂದು ಶಿಲುಬೆ ನಿಂತಿದೆ. ಅದರ ಎದುರಿನ ಬಂಡೆಗೆ ಒರಗಿ ಕುಳಿತ ಒಬ್ಬ ಮನುಷ್ಯನು ಕೈಜೋಡಿಸಿ ಪ್ರಾರ್ಥಿಸುತ್ತಿದ್ದಾನೆ. ಅವನ ಊರುಗೋಲುಗಳು ಹಿಮದ ಮೇಲೆ ಬಿದ್ದಿವೆ. ದೂರದ ಮಂಜಿನಲ್ಲಿ ದೇವಾಲಯವೊಂದರ ಗೋಪುರಗಳು ಫರ್ ಮರಗಳ ಆಕಾರವನ್ನೇ ಹೋಲುತ್ತ ಮಸುಕಾಗಿ ಕಾಣುತ್ತವೆ. ಮುಂಭಾಗದಲ್ಲಿ ಹುಲ್ಲಿನ ಎಸಳುಗಳು ಹಿಮವನ್ನು ಸೀಳಿ ಮೇಲೆದ್ದಿವೆ.

ಅದೇ ಕಾಲದ ಮತ್ತೊಂದು ಚಿತ್ರವು ಶ್ವೆರೀನ್ ನಗರದಲ್ಲಿದೆ. ಅದರಲ್ಲಿ ಊರುಗೋಲು ಹಿಡಿದವನೊಬ್ಬನು ಬೋಳಾದ ಓಕ್ ಮರಗಳ ನಡುವೆ ಒಂಟಿಯಾಗಿ ನಿಂತಿದ್ದಾನೆ, ಅಲ್ಲಿ ಶಿಲುಬೆಯಿಲ್ಲ. ಎರಡನ್ನೂ ಜೊತೆಯಾಗಿ ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ: ಊರುಗೋಲುಗಳನ್ನು ಬಿಟ್ಟವನು ಸ್ವಸ್ಥನಾದನೇ?

ಸುವಾರ್ತೆಗಳಲ್ಲಿ ಸ್ವಸ್ಥನಾದ ಪಾರ್ಶ್ವವಾಯು ರೋಗಿಯು ಎದ್ದು ಹಾಸಿಗೆಯನ್ನು ಹೊತ್ತು ನಡೆಯುತ್ತಾನೆ. ಈ ಮನುಷ್ಯನಾದರೋ ಎದ್ದಿಲ್ಲ. ಚಳಿಯೂ ಕಳೆದಿಲ್ಲ. ಬದಲಾಗಿರುವುದು ಅವನು ಒರಗಿಕೊಂಡ ಆಧಾರ ಮಾತ್ರ. ಹೊಸ ಒಡಂಬಡಿಕೆಯಲ್ಲಿ ‘ತಾಳ್ಮೆ’ ಎಂದು ಅನುವಾದವಾಗಿರುವ ‘ಹುಪೊಮೊನೆ’ ಎಂಬ ಗ್ರೀಕ್ ಪದವು ಭಾರದ ಕೆಳಗೆ ನೆಲೆಗೊಂಡು ನಿಲ್ಲುವುದನ್ನು ಸೂಚಿಸುತ್ತದೆ. ಪೌಲನ ಶರೀರದ ಶೂಲವೂ ತೆಗೆಯಲ್ಪಡಲಿಲ್ಲ. ಅವನಿಗೆ ದೊರೆತದ್ದು ಕೃಪೆ.

ಸಭೆಯಲ್ಲಿ ಸೇವೆಮಾಡುವ ನಮಗೆ ಇದು ಕೇವಲ ಕಲಾವಿಚಾರವಲ್ಲ. ರೋಗಿಯ ಹಾಸಿಗೆಯ ಬಳಿ ನಿಂತಾಗ, ಗುಣವಾಗದಿರುವುದಕ್ಕೆ ಅವನ ಅವಿಶ್ವಾಸವೇ ಕಾರಣವೆಂಬ ಭಾವವನ್ನು ನಮ್ಮ ಮಾತು ಮೂಡಿಸಿದರೆ, ನಾವು ಅವನ ಊರುಗೋಲನ್ನು ಕಸಿದುಕೊಂಡು ಶಿಲುಬೆಯನ್ನೂ ಮರೆಮಾಡಿದಂತಾಗುತ್ತದೆ. ಸ್ವಸ್ಥತೆಗಾಗಿ ನಾವು ಪ್ರಾರ್ಥಿಸಲೇಬೇಕು. ಆದರೆ ಅದು ತಡವಾದಾಗಲೂ, ಈ ಲೋಕದಲ್ಲಿ ದೊರೆಯದೇ ಹೋದಾಗಲೂ, ಅವನೊಡನೆ ಆ ಹಿಮದಲ್ಲಿ ಕುಳಿತಿರುವುದು ನಮ್ಮ ಕರೆಯ ಭಾಗವಾಗಿದೆ. ಶಿಲುಬೆಗೆ ಹಾಕಲ್ಪಟ್ಟಾತನು ಅಲ್ಲಿಗೆ ನಮಗಿಂತ ಮೊದಲೇ ಬಂದಿದ್ದಾನೆ.