ಮೊದಲ ಮಳೆ ಮತ್ತು ಅರ್ಧ ಚೇತರಿಕೆ

ಹಾಸನ ಸೀಮೆಯ ರೈತರು ಬೇಸಿಗೆಯ ಕೊನೆಯ ದಿನಗಳನ್ನು ಮಳೆ ನಕ್ಷತ್ರಗಳಿಂದ ಎಣಿಸುತ್ತಾರೆ. ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿಗಳ ಸರದಿ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ನಂಬಿಕೆ ಇಂದಿಗೂ ಉಳಿದಿದೆ. ಎಳ್ಳು, ಹೆಸರು, ಅಲಸಂದೆ ಬಿತ್ತುವುದಕ್ಕೂ ಆಲೂಗಡ್ಡೆಗೆ ಹೊಲ ಹದಗೊಳಿಸುವುದಕ್ಕೂ ಈ ಮಳೆಗಳೇ ಆಧಾರ.

2024ರ ಮೇ ತಿಂಗಳ ಕೊನೆಯಲ್ಲಿ ಕೆಲವು ದಿನ ನಾನು ಹಾಸನಕ್ಕೆ ಸಮೀಪದ ಮೊಸಳೆಯಲ್ಲಿದ್ದೆ. ನಾಗೇಶ್ವರ ಮತ್ತು ಚೆನ್ನಕೇಶವರ ಜೋಡಿ ಹೊಯ್ಸಳ ಗುಡಿಗಳಿಂದ ಹೆಸರಾದ ಊರು ಅದು. ಹಿಂದಿನ ವರ್ಷದ ಬರ, ಆ ಏಪ್ರಿಲ್‌ನ ಉರಿಬಿಸಿಲು ಎರಡನ್ನೂ ಕಂಡಿದ್ದ ಕೆಮ್ಮಣ್ಣಿನ ಹೊಲಗಳಲ್ಲಿ ನಾಲ್ಕಾರು ಮಳೆಗೇ ಗರಿಕೆ ಚಿಗುರಿತ್ತು. ರಾಗಿ ಹುಲ್ಲಿನ ಮೆದೆ ಕರಗಿದ್ದ ಮನೆಗಳ ಹಸುಗಳು ಬದುಗಳಲ್ಲಿ ಮೇಯುತ್ತಿದ್ದವು. ಡೇರಿಗೆ ಹೋಗುವ ಹಾಲು ಅಷ್ಟಿಷ್ಟು ಹೆಚ್ಚಿತ್ತು. ಹಾದುಹೋಗುವವರ ಕಣ್ಣಿಗೆ ಊರು ಚೇತರಿಸಿಕೊಂಡಂತೆಯೇ ಕಾಣುತ್ತಿತ್ತು. ಆದರೆ ಹಿರಿಯ ರೈತರೊಬ್ಬರ ಮಾತು ಬೇರೆಯಾಗಿತ್ತು: ‘ಮಳೆ ಏನೋ ಬಂತು ಸ್ವಾಮಿ, ಬಿತ್ತನೆ ಗಡ್ಡೆಗೆ ದುಡ್ಡು ಎಲ್ಲಿಂದ ತರಾದು?’

ಸರ್ಕಾರಿ ಸೇವೆಯಲ್ಲಿ ಬರದ ಕಡತಗಳನ್ನು ಸಾಕಷ್ಟು ಕಂಡಿರುವ ನನಗೆ ಈ ಪ್ರಶ್ನೆಯ ತೂಕ ಗೊತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ರಾಜ್ಯ ಸರ್ಕಾರ ಮೊದಲ ಕಂತಾಗಿ ರೈತರಿಗೆ ಗರಿಷ್ಠ 2,000 ರೂಪಾಯಿ ನೀಡಿದ್ದು 2024ರ ಜನವರಿಯಲ್ಲಿ. ಕೇಂದ್ರದಿಂದ ರಾಜ್ಯ ಕೇಳಿದ್ದು 18,171 ಕೋಟಿ. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ನಂತರ ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು 3,454 ಕೋಟಿ.

ನಿಯಮದಂತೆ ಶೇಕಡ 33ರಷ್ಟಾದರೂ ಬೆಳೆ ಹಾನಿಯಾಗಿದ್ದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,440 ರೂಪಾಯಿ. ಒಂದು ಎಕರೆ ಆಲೂಗಡ್ಡೆಗೆ ಆರೇಳು ಕ್ವಿಂಟಲ್ ಬಿತ್ತನೆ ಗಡ್ಡೆ ಬೇಕು. ಅದು ಬರುವುದು ದೂರದ ಜಲಂಧರ್‌ನಿಂದ. ಕ್ವಿಂಟಲಿಗೆ ಒಂದೇ ಸಾವಿರವೆಂದು ತೀರಾ ಕಡಿಮೆ ಹಿಡಿದರೂ ಪರಿಹಾರದ ಹಣ ಬೀಜದ ಅರ್ಧಕ್ಕಷ್ಟೇ ಸಾಕಾಗುತ್ತದೆ. ಗೊಬ್ಬರ, ಔಷಧಿ, ಕೂಲಿ ಇನ್ನೂ ಹೊರಗೇ ಉಳಿದವು.

ಅರ್ಥಶಾಸ್ತ್ರದಲ್ಲಿ ಆದಾಯ ಬೇರೆ, ಆಸ್ತಿ ಬೇರೆ. ಬರದ ವರ್ಷ ರೈತ ಆದಾಯ ಕಳೆದುಕೊಳ್ಳುವುದಲ್ಲದೆ ಹಸು ಮಾರುತ್ತಾನೆ, ಒಡವೆ ಅಡವಿಡುತ್ತಾನೆ, ಕೈಸಾಲ ಮಾಡುತ್ತಾನೆ. ಒಳ್ಳೆಯ ಮಳೆ ಆದಾಯವನ್ನು ಮರಳಿಸಬಲ್ಲದು. ಮಾರಿದ ಹಸುವನ್ನು ಮರಳಿಸಲಾರದು. ಮುಂದಿನ ಬೆಳೆಯ ಹಣದಲ್ಲಿ ಬಡ್ಡಿಯ ಪಾಲೇ ಮೊದಲು ಹೋಗುತ್ತದೆ.

ಆ ಬೆಳೆಯಾದರೂ ಖಚಿತವೇ? ಅದೇ ವರ್ಷ ಜುಲೈನಲ್ಲಿ ಗೊರೂರಿನ ಹೇಮಾವತಿ ಜಲಾಶಯ ತುಂಬಿತು. 37 ಟಿಎಂಸಿ ಅಡಿ ನೀರು ಜಿಲ್ಲೆಗೆ ಸಂಭ್ರಮವೇ. ಆದರೆ ಬಿಡದೆ ಹಿಡಿಯುವ ಜಡಿಮಳೆ, ತಂಪು, ಮೋಡಗಳೇ ಆಲೂಗಡ್ಡೆಯ ಅಂಗಮಾರಿ ರೋಗಕ್ಕೂ ಹೇಳಿಮಾಡಿಸಿದ ಹವೆ. 1845ರಲ್ಲಿ ಐರ್ಲೆಂಡನ್ನು ಕ್ಷಾಮಕ್ಕೆ ದೂಡಿದ್ದು ಇದೇ ರೋಗ. ಹಾಸನದ ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಮೆಕ್ಕೆಜೋಳ, ಶುಂಠಿಗೆ ಹೊರಳಿದ್ದಕ್ಕೆ ಇದು ಮುಖ್ಯ ಕಾರಣ. ಮರುವರ್ಷ, 2025ರಲ್ಲಿ, ಜೂನ್ 1ಕ್ಕೆ ಕೇರಳ ತಲುಪಬೇಕಾದ ಮುಂಗಾರು ಮೇ 24ಕ್ಕೇ ಬಂದಿತು. ಹೊಲ ಆರಲು ಬಿಡುವಿಲ್ಲದಿದ್ದರೆ ಬಿತ್ತನೆಯ ಹದವೂ ತಪ್ಪುತ್ತದೆ. ಹಳೆಯ ನಕ್ಷತ್ರಗಳ ಲೆಕ್ಕವನ್ನು ನೆಚ್ಚಿ ಕೂರುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ಆದ್ದರಿಂದ ಮೊದಲ ಹಸಿರು ಕಂಡೊಡನೆ ಬರದ ಕಡತವನ್ನು ಮುಚ್ಚುವ ಪದ್ಧತಿ ಬದಲಾಗಬೇಕು. ಪರಿಹಾರದ ಹಣ ಅಶ್ವಿನಿ ಮಳೆಗೆ ಮುನ್ನ, ಅಂದರೆ ಮಾರ್ಚ್ ಅಂತ್ಯದೊಳಗೆ, ರೈತನ ಖಾತೆ ಸೇರಬೇಕು. ಬರದ ಮರುವರ್ಷ ಬಿತ್ತನೆ ಬೀಜಕ್ಕೂ ಹಸು ಕೊಳ್ಳುವುದಕ್ಕೂ ಸಹಕಾರ ಸಂಘಗಳಿಂದ ಸುಲಭ ಸಾಲ ದೊರೆಯಬೇಕು. ಬಿದ್ದ ಮಳೆಯ ಮಿಲಿಮೀಟರುಗಳ ಜೊತೆಗೆ ಊರಿನಲ್ಲಿ ಉಳಿದ ರಾಸುಗಳನ್ನೂ ತಾಲ್ಲೂಕು ಆಡಳಿತ ಲೆಕ್ಕ ಹಿಡಿಯಲಿ. ಮೊಸಳೆಯಂಥ ಊರು ನಿಜಕ್ಕೂ ಎಷ್ಟು ಚೇತರಿಸಿಕೊಂಡಿದೆ ಎಂಬುದು ಆಗ ತಿಳಿದೀತು.